ಕಾಳು ಹಾಕಿದರೆ ಪಾರಿವಾಳ, ಗಿಡ ನೆಟ್ಟರೆ ಸೂರಕ್ಕಿ

ಶಿವರಾತ್ರಿ ಕಳೆದ ಮೇಲೆ ಈ ಅಂಕಣಕ್ಕೆ ಬರುವ ಪತ್ರಗಳು ಜಾಸ್ತಿಯಾಗುತ್ತವೆ. ಬಿಸಿಲೇರಿದ ಹಾಗೆ ಹಕ್ಕಿಗಳು ನೀರು ಹುಡುಕಿಕೊಂಡು ಮನೆ ಹತ್ತಿರಕ್ಕೆ ಬರುತ್ತವೆ. ಎಷ್ಟೋ ಹಕ್ಕಿಗಳು ಗೂಡು ಕಟ್ಟುವುದೂ ಈ ತಿಂಗಳುಗಳಲ್ಲೇ. ಈ ಸಲ ಆರಿಸಿಕೊಂಡ ಪತ್ರಗಳೆಲ್ಲ ಬೆಂಗಳೂರಿನವು. ಒಂದೇ ವಿಷಯವನ್ನು ಹಲವರು ಕೇಳಿದ್ದರೆ ಒಬ್ಬರ ಪತ್ರವನ್ನಷ್ಟೇ ಇಲ್ಲಿ ಕೊಟ್ಟಿದ್ದೇನೆ.

ಮೇಡಂ, ನಮ್ಮದು ಸರ್ಜಾಪುರ ರಸ್ತೆಯ ಅಪಾರ್ಟ್‌ಮೆಂಟ್, ಒಂಬತ್ತನೇ ಮಹಡಿ. ಹಕ್ಕಿಗಳಿಗೆ ಅಂತ ಬಾಲ್ಕನಿಯಲ್ಲಿ ಜೋಳ, ಅಕ್ಕಿ ಇಟ್ಟೆ. ಬಂದದ್ದು ಬರೀ ಪಾರಿವಾಳ. ಈಗ ಎಸಿ ಡಬ್ಬದ ಹಿಂದೆ ಗೂಡು ಮಾಡಿವೆ. ಅಸೋಸಿಯೇಷನ್‌ನಿಂದ ನೋಟಿಸ್ ಕೂಡ ಬಂತು. ಬೇರೆ ಹಕ್ಕಿ ಬರೋ ಹಾಗೆ ಏನಾದರೂ ಮಾಡಬಹುದಾ? – ಶ್ವೇತಾ

ಶ್ವೇತಾ, ಕಾಳು ಇಡುವುದನ್ನು ಇವತ್ತೇ ನಿಲ್ಲಿಸಿ. ಯಾವ ಹಕ್ಕಿ ಏನು ತಿನ್ನುತ್ತದೆ ಅನ್ನುವುದನ್ನು ಮೊದಲು ನೋಡೋಣ. ನಮ್ಮೂರಲ್ಲಿ ಮನೆ ಸುತ್ತ ಸುಳಿಯುವ ಹಕ್ಕಿಗಳಲ್ಲಿ ಒಣ ಕಾಳನ್ನೇ ನೆಚ್ಚಿಕೊಂಡವು ಕೆಲವೇ. ಪಾರಿವಾಳ, ಚುಕ್ಕೆ ಬೆಳವ, ಗುಬ್ಬಿ, ರಾಟವಾಳ, ಅಷ್ಟೇ ಅನ್ನಬಹುದು. ಸೂರಕ್ಕಿಗೆ ಬೇಕಾದ್ದು ಹೂವಿನ ಮಕರಂದ, ಪುಟ್ಟ ಹುಳ, ಜೇಡ. ಪಿಕಳಾರಕ್ಕೆ ಹಣ್ಣು ಮತ್ತು ಹುಳ. ಮಡಿವಾಳ ಹಕ್ಕಿಗೆ, ಟುವ್ವಿ ಹಕ್ಕಿಗೆ ಹುಳವೇ ಮುಖ್ಯ ಊಟ. ಜೋಳದ ತಟ್ಟೆ ಎದುರಿಗೇ ಇದ್ದರೂ ಇವು ಅದನ್ನು ಮೂಸಿಯೂ ನೋಡುವುದಿಲ್ಲ.

ಪಾರಿವಾಳ ಮೂಲತಃ ಕಡಿದಾದ ಬಂಡೆಗಳ ಅಂಚಿನಲ್ಲಿ ಗೂಡು ಕಟ್ಟುವ ಹಕ್ಕಿ. ನಮ್ಮ ಎತ್ತರದ ಕಟ್ಟಡಗಳಲ್ಲಿ ಅದಕ್ಕೆ ಅಂಥ ಅಂಚುಗಳು ಬೇಕಾದಷ್ಟು ಸಿಗುತ್ತವೆ. ಬೇರೆ ಹಕ್ಕಿಗಳು ಹುಳ ಸಿಗುವ ಕಾಲ ನೋಡಿಕೊಂಡು ಮರಿ ಮಾಡುತ್ತವೆ. ಪಾರಿವಾಳಕ್ಕೆ ಆ ಗೊಡವೆಯೇ ಇಲ್ಲ. ಗಂಡು, ಹೆಣ್ಣು ಎರಡೂ ಗಂಟಲ ಚೀಲದಲ್ಲಿ ಹಾಲಿನಂಥದ್ದನ್ನು ತಯಾರಿಸಿ ಮರಿಗಳಿಗೆ ಉಣಿಸುತ್ತವೆ. ಕಾಳು ಸಿಗುತ್ತಿದ್ದರೆ ವರ್ಷವಿಡೀ ಒಂದಾದ ಮೇಲೊಂದು ಸಂಸಾರ ನಡೆಯುತ್ತದೆ. ನಾವು ಕಾಳು ಎರಚುತ್ತೇವೆ, ಅವು ಹೆಚ್ಚುತ್ತವೆ, ಉಳಿದ ಹಕ್ಕಿಗಳಿಗೆ ಕೂರಲೂ ಜಾಗ ಇರುವುದಿಲ್ಲ. ಪಾರಿವಾಳದ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಮೂಟೆಗಟ್ಟಲೆ ಕಾಳು ತಂದು ಸುರಿಯುವ ಪದ್ಧತಿ ಮಾತ್ರ ನಿಲ್ಲಬೇಕು ಅಂತ ನಾನು ಎಲ್ಲರಿಗೂ ಕೈಮುಗಿದು ಹೇಳುತ್ತೇನೆ.

ಆರೋಗ್ಯದ ಮಾತೂ ಇದೆ. ಒಣಗಿದ ಹಿಕ್ಕೆ ಮತ್ತು ಗರಿಯ ಧೂಳು ದಿನಾ ಉಸಿರಿನಲ್ಲಿ ಸೇರುತ್ತಿದ್ದರೆ ಕೆಲವರ ಶ್ವಾಸಕೋಶ ಊದಿಕೊಳ್ಳುತ್ತದೆ. ಡಾಕ್ಟರು ಇದನ್ನು ಹೈಪರ್‌ಸೆನ್ಸಿಟಿವಿಟಿ ನ್ಯುಮೋನೈಟಿಸ್ ಅನ್ನುತ್ತಾರೆ. ಒಣ ಕೆಮ್ಮು, ಮೆಟ್ಟಿಲು ಹತ್ತಿದರೆ ಏದುಸಿರು. ತುಂಬ ದಿನ ಹಾಗೇ ಬಿಟ್ಟರೆ ಶ್ವಾಸಕೋಶ ಗಟ್ಟಿಯಾಗಿಬಿಡಬಹುದು. ಮನೆಯಲ್ಲಿ ಅಸ್ತಮಾ ಇರುವವರು, ವಯಸ್ಸಾದವರು ಇದ್ದರೆ ಇನ್ನೂ ಎಚ್ಚರ ಬೇಕು. ಹಿಕ್ಕೆಯನ್ನು ಒಣಗಿದ್ದಾಗ ಪೊರಕೆಯಲ್ಲಿ ಗುಡಿಸಬೇಡಿ. ನೀರು ಚಿಮುಕಿಸಿ ನೆನೆಸಿ, ಮಾಸ್ಕ್ ಹಾಕಿಕೊಂಡು ಬಳಿದು ತೆಗೆಯಿರಿ.

ಗೂಡಿನಲ್ಲಿ ಈಗಾಗಲೇ ಮೊಟ್ಟೆ ಇದ್ದರೆ ಸ್ವಲ್ಪ ತಾಳಿ. ಮೊಟ್ಟೆ ಒಡೆಯಲು ಎರಡೂವರೆ ವಾರ, ಮರಿ ಹಾರಿಹೋಗಲು ಮತ್ತೆ ಒಂದು ತಿಂಗಳು. ಅವು ಹೋದ ದಿನವೇ ಆ ಸಂದಿಯನ್ನು ತೊಳೆದು ಮುಚ್ಚಿ. ನೆಟ್ ಹಾಕಿಸುವುದಾದರೆ ಬಿಗಿಯಾಗಿ ಎಳೆದು ಕಟ್ಟಿಸಿ. ಜೋತುಬಿದ್ದ ನೆಟ್‌ನಲ್ಲಿ ಕಾಲು ಸಿಕ್ಕಿಸಿಕೊಂಡು ಸಾಯುವ ಹಕ್ಕಿಗಳು ಈ ಊರಿನಲ್ಲಿ ಬಹಳ.

ಇನ್ನು ನಿಮ್ಮ ಆಸೆಯ ವಿಷಯ. ಬಿಸಿಲು ಬೀಳುವ ಮೂಲೆಯಲ್ಲಿ ದೊಡ್ಡ ಕುಂಡ ಇಟ್ಟು ಒಂದು ಹ್ಯಾಮೀಲಿಯ, ಒಂದು ರತ್ನಗಂಧಿ ನೆಡಿ. ಎರಡೂ ಲಾಲ್‌ಬಾಗ್ ಪಕ್ಕದ ಸಿದ್ದಾಪುರದ ನರ್ಸರಿಗಳಲ್ಲಿ ಸಿಗುತ್ತವೆ. ಜೊತೆಗೆ ಗ್ರಿಲ್ ಮೇಲೆ ಹಬ್ಬಲು ಯಾವುದಾದರೂ ಬಳ್ಳಿ. ಹೂ ಬಿಟ್ಟ ಮೇಲೆ ಒಂಬತ್ತನೇ ಮಹಡಿಗೂ ಸೂರಕ್ಕಿ ಬರುತ್ತದೆ. ಬಳ್ಳಿ ದಟ್ಟವಾದರೆ ಕೆಮ್ಮೀಸೆ ಪಿಕಳಾರ ಅದರೊಳಗೆ ಗೂಡನ್ನೂ ಕಟ್ಟಬಹುದು. ತಲೆ ಮೇಲೆ ಕಪ್ಪು ಜುಟ್ಟು, ಕಣ್ಣಿನ ಹಿಂದೆ ಕೆಂಪು ಚುಕ್ಕೆ ಇರುವ ಹಕ್ಕಿ. ಅಪಾರ್ಟ್‌ಮೆಂಟಿನವರ ಗಲಾಟೆ, ಮಿಕ್ಸಿ ಸದ್ದು, ಇದಕ್ಕೆಲ್ಲ ಅದು ಹೆದರುವುದಿಲ್ಲ.

ಅಮ್ಮಾ, ಬನಶಂಕರಿಯಲ್ಲಿ ನಮ್ಮದು ಮೂವತ್ತು ನಲವತ್ತರ ಸೈಟು. ಮುಂದೆ ಕಾಂಪೌಂಡ್ ಉದ್ದಕ್ಕೆ ನಾಲ್ಕು ಅಡಿ ಮಣ್ಣಿನ ಜಾಗ ಬಿಟ್ಟಿದ್ದೇವೆ. ಟೈಲ್ಸ್ ಹಾಕಿಸೋಣ ಅಂತ ಮಗ, ಬೇಡ ಅಂತ ನಾನು. ಹಕ್ಕಿ ಬರಬೇಕು ಅಂದರೆ ಅಲ್ಲಿ ಏನು ನೆಡಲಿ? – ರಾಜಮ್ಮ

ರಾಜಮ್ಮನವರೇ, ದಯವಿಟ್ಟು ಟೈಲ್ಸ್ ಹಾಕಿಸಬೇಡಿ. ನಾಲ್ಕು ಅಡಿ ಮಣ್ಣು ಈಗಿನ ಬೆಂಗಳೂರಿನಲ್ಲಿ ದೊಡ್ಡ ಆಸ್ತಿ. ಮಗನಿಗೆ ಈ ಪತ್ರಿಕೆ ಓದಲು ಕೊಡಿ.

ನನ್ನ ಮನೆ ಮುಂದೆಯೂ ಅಷ್ಟೇ ಜಾಗ ಇರುವುದು. ಅದಕ್ಕೇ ನಿಮ್ಮ ಪ್ರಶ್ನೆ ನನಗೆ ತೀರಾ ಹತ್ತಿರದ್ದು. ಮೊದಲು ಒಂದು ಕರಿಬೇವು ನೆಡಿ. ಅಡುಗೆಗೆ ಎಲೆ ಕಿತ್ತುಕೊಳ್ಳಿ, ಆದರೆ ಮೇಲಿನ ತುದಿಗಳನ್ನು ಹೂ ಬಿಡಲು ಬಿಡಿ. ಕಪ್ಪಗೆ ಹಣ್ಣಾದ ಕರಿಬೇವಿನ ಕಾಯಿಗೆ ಪಿಕಳಾರ, ಕೋಗಿಲೆ, ಕುಟುರ ಹಕ್ಕಿ ಎಲ್ಲ ಬರುತ್ತವೆ. ಕೆಂಪು ಕಣ್ಣಿನ ಕರಿ ಗಂಡು ಕೋಗಿಲೆಯ ಕೂಗು ಕೇಳದವರಿಲ್ಲ. ಆದರೆ ಮೈತುಂಬ ಚುಕ್ಕೆ ಇರುವ ಕಂದು ಹೆಣ್ಣು ಕೋಗಿಲೆಯನ್ನು ಕಂಡವರು ಕಡಿಮೆ. ಕರಿಬೇವಿನ ಗಿಡ ಇದ್ದರೆ ಅದನ್ನು ಸೂರಿನ ಕೆಳಗೇ ನಿಂತು ನೋಡಬಹುದು.

ಆಮೇಲೆ ದಾಸವಾಳ. ಒಂಟಿ ಸುತ್ತಿನ ಕೆಂಪು ನಾಟಿ ದಾಸವಾಳವೇ ಇರಲಿ, ಮುದ್ದೆಯಾಗಿ ಅರಳುವ ಹೈಬ್ರಿಡ್ ಬೇಡ. ಸೂರಕ್ಕಿ ಈ ಹೂವಿನ ಹತ್ತಿರ ಏನು ಮಾಡುತ್ತದೆ ಅಂತ ಒಮ್ಮೆ ಹತ್ತಿರದಿಂದ ನೋಡಿ. ಎದುರಿನಿಂದ ಕೊಕ್ಕು ಹಾಕಿದರೆ ತಳ ಮುಟ್ಟುವುದು ಕಷ್ಟ. ಅದಕ್ಕೆ ಅದು ಹೂವಿನ ಹಿಂದಿನ ತೊಟ್ಟಿಗೆ ಬಂದು ಕೂರುತ್ತದೆ. ಹಸಿರು ಬಟ್ಟಲಿನ ಪಕ್ಕದಲ್ಲಿ ಬಗ್ಗಿದ ಕೊಕ್ಕಿನಿಂದ ಸೂಜಿಯಷ್ಟು ತೂತು ಮಾಡಿ, ಅಲ್ಲಿಂದ ಮಕರಂದ ಹೀರುತ್ತದೆ. ದೇವರಿಗೆ ಅಂತ ಬೆಳಗ್ಗೆ ಕಿತ್ತ ಹೂವಿನ ತೊಟ್ಟಿನ ಹತ್ತಿರ ಆ ತೂತು ಹುಡುಕಿ ನೋಡಿ, ಸಿಗುತ್ತದೆ. ಹೂವನ್ನೆಲ್ಲ ಬುಟ್ಟಿಗೆ ತುಂಬಿಕೊಳ್ಳಬೇಡಿ, ಅರ್ಧ ಗಿಡದಲ್ಲೇ ಇರಲಿ.

ದಾಸವಾಳಕ್ಕೆ ಬಿಳಿ ಹಿಟ್ಟು ತಿಗಣೆ ಬಂತು ಅಂತ ಔಷಧಿ ಹೊಡೆಯಬೇಡಿ. ಇದನ್ನು ನಾನು ಒತ್ತಿ ಹೇಳುತ್ತೇನೆ. ಮಕರಂದ ಕುಡಿಯುವ ಸೂರಕ್ಕಿಯೂ ಮರಿಗೆ ಹುಳ, ಜೇಡವನ್ನೇ ತಂದು ಕೊಡುತ್ತದೆ. ಕಾಳು ತಿನ್ನುವ ಗುಬ್ಬಿಯ ಮರಿಗೂ ಮೊದಲ ದಿನಗಳಲ್ಲಿ ಹುಳವೇ ಬೇಕು. ಗಿಡದಲ್ಲಿ ಹುಳವೇ ಇಲ್ಲದಿದ್ದರೆ ಹಕ್ಕಿ ಬಂದು ಹೋಗಬಹುದು, ಸಂಸಾರ ಹೂಡುವುದಿಲ್ಲ. ತಿಗಣೆ ಜಾಸ್ತಿಯಾದರೆ ಪೈಪಿನಲ್ಲಿ ಜೋರಾಗಿ ನೀರು ಹಾಯಿಸಿ. ತೀರಾ ಹಾಳಾದ ತುದಿಗಳನ್ನು ಕತ್ತರಿಸಿ ಬಿಸಾಡಿ.

ಬಿದ್ದ ಎಲೆಗಳನ್ನು ದಿನಾ ಗುಡಿಸಿ ಚೊಕ್ಕ ಮಾಡಬೇಕು ಅಂತಲೂ ಇಲ್ಲ. ಒಂದು ಮೂಲೆಯಲ್ಲಿ ತರಗೆಲೆ ಹಾಗೇ ಬಿದ್ದಿರಲಿ. ಮಡಿವಾಳ ಹಕ್ಕಿ ಅದನ್ನು ಕೆದಕಿ ಹುಳ ಹುಡುಕುತ್ತದೆ. ಅಗಲ ಎಲೆಯ ಗಿಡ ಒಂದಿರಲಿ. ಟುವ್ವಿ ಹಕ್ಕಿ ಎಲೆಯ ಅಂಚಿಗೆ ಕೊಕ್ಕಿನಿಂದ ತೂತು ಮಾಡಿ, ಜೇಡರ ಬಲೆ, ಹತ್ತಿಯ ಎಳೆ ತೂರಿಸಿ ಹೊಲಿದು ಗೂಡು ಮಾಡುವುದು ಅಂಥ ಎಲೆಯಲ್ಲೇ.

ಬೀಜ ಬಿಡುವ ಹುಲ್ಲು ಸ್ವಲ್ಪ ಬೆಳೆಯಲು ಬಿಟ್ಟರೆ ರಾಟವಾಳ ಬರುತ್ತದೆ. ಅಕ್ಕಪಕ್ಕದವರು ಏನಾದರೂ ಅಂದುಕೊಳ್ಳಲಿ.

ನಮ್ಮ ಮನೆ ಎದುರು ಫುಟ್‌ಪಾತಿನಲ್ಲಿ ಗಸಗಸೆ ಹಣ್ಣಿನ ಮರ ಇದೆ. ಕಾರಿನ ಮೇಲೆ ಹಣ್ಣು, ಹಿಕ್ಕೆ ಬೀಳುತ್ತೆ ಅಂತ ಎದುರು ಮನೆಯವರು ಕಡಿಸಬೇಕು ಅಂತಿದ್ದಾರೆ. ಈ ಮರ ನಮ್ಮ ದೇಶದ್ದಲ್ಲ, ಇದ್ದರೆ ಏನೂ ಪ್ರಯೋಜನ ಇಲ್ಲ ಅಂತಲೂ ಹೇಳಿದರು. ನಿಜವಾ? – ಮಂಜುನಾಥ್, ವಿಜಯನಗರ

ಮಂಜುನಾಥ್ ಅವರೇ, ಗಸಗಸೆ ಮರ ಅಮೆರಿಕ ಖಂಡದ ಬಿಸಿನಾಡಿನಿಂದ ಬಂದದ್ದು ನಿಜ. ಸಿಂಗಪುರ ಚೆರ್ರಿ ಅಂತಲೂ ಕರೆಯುತ್ತಾರೆ. ಆದರೆ ಪ್ರಯೋಜನ ಇಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಹೆಚ್ಚುಕಡಿಮೆ ವರ್ಷವಿಡೀ ಹಣ್ಣು ಬಿಡುವ ಮರ ನಮ್ಮ ಬೀದಿಗಳಲ್ಲಿ ಇನ್ಯಾವುದಿದೆ ಹೇಳಿ? ಅತ್ತಿ, ಬಸರಿ, ಆಲ, ಅರಳಿ ಇದಕ್ಕಿಂತ ಮೇಲು, ಅನುಮಾನವೇ ಇಲ್ಲ. ಆದರೆ ಅವನ್ನು ನೆಡುವಷ್ಟು ಜಾಗ ವಿಜಯನಗರದ ಅಡ್ಡರಸ್ತೆಗಳಲ್ಲಿ ಉಳಿದಿಲ್ಲ.

ಬೆಳಗ್ಗೆ ಹಾಲು ತರಲು ಹೋಗುವಾಗ ಆ ಮರದ ಕೆಳಗೆ ಸುಮ್ನೆ ಸ್ವಲ್ಪ ಹೊತ್ತು ನಿಲ್ಲಿ. ಟಿಕ್, ಟಿಕ್ ಅಂತ ಚುರುಕಾದ ಸದ್ದು ಕೇಳುತ್ತದೆ. ಅದು ಬದನಿಕೆ ಹಕ್ಕಿ. ಉದ್ದ ಎಂಟು ಸೆಂಟಿಮೀಟರ್ ಇದ್ದರೆ ಹೆಚ್ಚು, ನಮ್ಮ ದೇಶದ ಅತಿ ಚಿಕ್ಕ ಹಕ್ಕಿಗಳಲ್ಲಿ ಒಂದು. ಗಸಗಸೆ ಹಣ್ಣು ಹೆಚ್ಚುಕಡಿಮೆ ಅದರ ತಲೆಯಷ್ಟೇ ದಪ್ಪ. ಹಣ್ಣನ್ನು ಇಡಿಯಾಗಿ ನುಂಗಲು ಆಗುವುದಿಲ್ಲ. ಕೊಕ್ಕಿನಲ್ಲಿ ಒತ್ತಿ ಒತ್ತಿ ಒಳಗಿನ ಸಿಹಿ ತಿರುಳನ್ನು, ಸಣ್ಣ ಸಣ್ಣ ಬೀಜಗಳ ಸಮೇತ ಹಿಂಡಿ ನುಂಗುತ್ತದೆ, ಸಿಪ್ಪೆಯನ್ನು ಬಿಟ್ಟುಬಿಡುತ್ತದೆ. ಕಾರಿನ ಮೇಲೆ ಬೀಳುವ ಕೆಂಪು ಸಿಪ್ಪೆಗಳಲ್ಲಿ ಕೆಲವು ಅದು ಉಂಡು ಬಿಟ್ಟದ್ದು. ಅದೇ ಮರಕ್ಕೆ ಹಗಲು ಪಿಕಳಾರ, ಕುಟುರ, ಗೊರವಂಕ, ರಾತ್ರಿ ಬಾವಲಿ.

ಕಾನೂನಿನ ವಿಷಯಕ್ಕೆ ಬಂದರೆ ಫುಟ್‌ಪಾತಿನ ಮರ ಎದುರು ಮನೆಯವರದ್ದೂ ಅಲ್ಲ, ನಿಮ್ಮದೂ ಅಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯ ಪ್ರಕಾರ ವೃಕ್ಷ ಅಧಿಕಾರಿಯ ಅನುಮತಿ ಇಲ್ಲದೆ ಕಡಿಸುವಂತಿಲ್ಲ. ಕಡಿಯಲು ಜನ ಬಂದರೆ ಅನುಮತಿ ಪತ್ರ ತೋರಿಸಿ ಅಂತ ಕೇಳಿ. ಎದುರು ಮನೆಯವರ ಜೊತೆ ಜಗಳ ಮಾತ್ರ ಬೇಡ. ಕಾರಿಗೆ ಒಂದು ಕವರ್ ಹೊದಿಸಿದರೆ ಅರ್ಧ ಸಮಸ್ಯೆ ಮುಗಿಯುತ್ತದೆ ಅಂತ ಹೇಳಿ ನೋಡಿ. ಅವರ ಮಕ್ಕಳಿಗೆ ಆ ಬದನಿಕೆ ಹಕ್ಕಿಯನ್ನು ತೋರಿಸಿ. ಅನೇಕ ಮರಗಳು ಹಾಗೆಯೇ ಉಳಿದಿವೆ.

ರಾಜಾಜಿನಗರದಲ್ಲಿ ನಾನು ಚಿಕ್ಕವನಿದ್ದಾಗ ದೇವರ ಫೋಟೋ ಹಿಂದೆ ಗುಬ್ಬಿ ಗೂಡು ಕಟ್ಟುತ್ತಿತ್ತು. ಈಗ ಮರದ ಪೆಟ್ಟಿಗೆ ತಂದು ತೂಗುಹಾಕಿದ್ದೇನೆ. ಎರಡು ವರ್ಷವಾದರೂ ಒಂದೂ ಗುಬ್ಬಿ ಬಂದಿಲ್ಲ. ಮೊಬೈಲ್ ಟವರ್ ಕಾರಣವಾ? – ನಾಗರಾಜ್

ನಾಗರಾಜ್ ಅವರೇ, ಮೊಬೈಲ್ ಟವರೇ ಕಾರಣ ಅಂತ ಸಾಬೀತಾಗಿಲ್ಲ. ಗುಬ್ಬಿಗೆ ಗೂಡಿನ ಜಾಗ, ಕಾಳು, ಮರಿಗೆ ಹುಳ, ಅಡಗಿಕೊಳ್ಳಲು ಪೊದೆ, ಮೈಗೆ ಎರಚಿಕೊಳ್ಳಲು ಒಣ ಮಣ್ಣು, ಇಷ್ಟೂ ಒಂದೇ ಕಡೆ ಬೇಕು. ಹೆಂಚಿನ ಮನೆ ಹೋಗಿ ಗಾಜಿನ ಕಟ್ಟಡ ಬಂತು. ಬೀದಿಯಲ್ಲಿ ಅಕ್ಕಿ ಕೇರುವ ಮೊರ ಕಾಣೆಯಾಯಿತು. ಮೂಟೆ ಬಿಚ್ಚಿ ಮಾರುತ್ತಿದ್ದ ಅಂಗಡಿಗಳ ಜಾಗದಲ್ಲಿ ಪ್ಯಾಕೆಟ್ ಬಂತು. ಖಾಲಿ ಸೈಟಿನ ಹುಲ್ಲು, ಬೇಲಿ ಎಲ್ಲ ಹೋಯಿತು.

ಇನ್ನೊಂದು ವಿಷಯ ಗೊತ್ತಿರಲಿ. 2020ರಲ್ಲಿ ಭಾರತದ ಹಕ್ಕಿಗಳ ಸ್ಥಿತಿಗತಿ ಕುರಿತ ದೊಡ್ಡ ವರದಿ ಬಂತು. ಇಡೀ ದೇಶದ ಲೆಕ್ಕದಲ್ಲಿ ಗುಬ್ಬಿಗಳ ಸಂಖ್ಯೆ ಹೆಚ್ಚುಕಡಿಮೆ ಸ್ಥಿರವಾಗಿದೆ, ಕಡಿಮೆಯಾಗಿರುವುದು ಬೆಂಗಳೂರಿನಂಥ ಮಹಾನಗರಗಳಲ್ಲಿ ಅಂತ ಅದರಲ್ಲಿತ್ತು. ಅಂದರೆ ಗುಬ್ಬಿ ಅಳಿದುಹೋಗಿಲ್ಲ. ನಮ್ಮ ಬೀದಿ ಬಿಟ್ಟು ಹೋಗಿದೆ.

ಗುಬ್ಬಿ ಗುಂಪಿನ ಹಕ್ಕಿ. ನಿಮ್ಮ ಮನೆಯಿಂದ ನಡೆದುಹೋಗುವ ದೂರದಲ್ಲಿ ಒಂದಾದರೂ ಗುಂಪು ಇದ್ದರೆ ಮಾತ್ರ ಪೆಟ್ಟಿಗೆ ತುಂಬುವ ಸಾಧ್ಯತೆ ಇದೆ. ಹಾಗಾಗಿ ಮೊದಲು ಹತ್ತಿರದ ಮಂಡಿ, ಹಳೇ ಮಾರುಕಟ್ಟೆ, ದಿನಸಿ ಅಂಗಡಿಗಳ ಸುತ್ತ ಒಂದು ಬೆಳಗ್ಗೆ ತಿರುಗಾಡಿ ನೋಡಿ. ಅಲ್ಲಿ ಗುಬ್ಬಿ ಕಂಡರೆ ಆಸೆ ಬಿಡಬೇಡಿ. ಪೆಟ್ಟಿಗೆಯ ತೂತು 32 ಮಿಲಿಮೀಟರ್ ಇರಲಿ, ಜಾಸ್ತಿ ಅಗಲ ಆದರೆ ಗೊರವಂಕ ನುಗ್ಗುತ್ತದೆ. ನೆಲದಿಂದ ಎಂಟು ಹತ್ತು ಅಡಿ ಎತ್ತರ, ಮಧ್ಯಾಹ್ನದ ಬಿಸಿಲು ಬೀಳದ ಗೋಡೆ. ಪೆಟ್ಟಿಗೆ ಗಾಳಿಗೆ ಓಲಾಡಬಾರದು. ತೂಗುಹಾಕಿದ್ದನ್ನು ಇಳಿಸಿ ಗೋಡೆಗೆ ಮೊಳೆ ಹೊಡೆದು ಕೂರಿಸಿ. ಹತ್ತಿರ ಫ್ಯಾನ್ ಇರಲೇಬಾರದು. ಸಂಕ್ರಾಂತಿ ಸಮಯದಲ್ಲಿ ಭತ್ತದ ತೆನೆಯ ತೋರಣ ಮಾರಲು ಬಂದರೆ ಒಂದು ತಂದು ಸೂರಿಗೆ ಕಟ್ಟಿ. ನವಣೆ ತೆನೆ ಸಿಕ್ಕರೆ ಇನ್ನೂ ಒಳ್ಳೆಯದು. ತೆನೆಗೆ ಜೋತುಬಿದ್ದು ತಿನ್ನುವುದು ಗುಬ್ಬಿಗೆ, ರಾಟವಾಳಕ್ಕೆ ಸುಲಭ, ಪಾರಿವಾಳಕ್ಕೆ ಕಷ್ಟ. ಕಾಳು ಕೊಡಲೇಬೇಕು ಅನ್ನುವವರಿಗೆ ನಾನು ಹೇಳುವ ದಾರಿ ಇದೊಂದೇ.

ಹಕ್ಕಿಗೆ ಅಂತ ಮಹಡಿ ಮೇಲೆ ನೀರಿಡುತ್ತೇವೆ. ಡೆಂಗಿ ಬರುತ್ತೆ, ತೆಗೀರಿ ಅಂತ ಕೆಳಗಿನ ಮನೆಯವರು ಹೇಳುತ್ತಿದ್ದಾರೆ. ಏನು ಮಾಡುವುದು? – ಫಾತಿಮಾ, ಫ್ರೇಜರ್ ಟೌನ್

ಅವರು ಹೇಳುವುದರಲ್ಲಿ ತಪ್ಪಿಲ್ಲ ಫಾತಿಮಾ, ಆದರೆ ನೀರು ತೆಗೆಯಬೇಕಾಗಿಯೂ ಇಲ್ಲ. ಸೊಳ್ಳೆ ಮೊಟ್ಟೆಯಿಂದ ಹೊರಬಂದು ರೆಕ್ಕೆ ಬಲಿತು ಹಾರಲು ಒಂದು ವಾರದಿಂದ ಹತ್ತು ದಿನ ಬೇಕು. ದಿನಾ ನೀರು ಚೆಲ್ಲಿ ಹೊಸ ನೀರು ತುಂಬಿದರೆ ಅದಕ್ಕೆ ಆ ಸಮಯವೇ ಸಿಗುವುದಿಲ್ಲ. ಆದರೆ ಬರೀ ಚೆಲ್ಲಿದರೆ ಸಾಲದು. ಡೆಂಗಿ ಹರಡುವ ಸೊಳ್ಳೆ ಮೊಟ್ಟೆ ಇಡುವುದು ನೀರಿನ ಅಂಚಿಗೆ, ಪಾತ್ರೆಯ ಒಳಗೋಡೆಗೆ ಅಂಟಿಸಿ. ಒಣಗಿದರೂ ಆ ಮೊಟ್ಟೆ ತಿಂಗಳುಗಟ್ಟಲೆ ಬದುಕಿರುತ್ತದೆ. ಅದಕ್ಕೇ ತೆಂಗಿನ ನಾರಿನಿಂದ ಒಳಗೆಲ್ಲ ಉಜ್ಜಿ ತೊಳೆಯಬೇಕು. ಸೋಪು ಬೇಡ.

ಪಾತ್ರೆ ಅಂದರೆ ಕುಂಡದ ಕೆಳಗಿಡುವ ಮಣ್ಣಿನ ತಟ್ಟೆಯೇ ಸರಿ. ಸ್ಟೀಲ್, ಪ್ಲಾಸ್ಟಿಕ್ ಬಿಸಿಲಿಗೆ ಕಾಯುತ್ತವೆ. ಎರಡು ಇಂಚಿಗಿಂತ ಆಳ ಬೇಡ, ಮಧ್ಯದಲ್ಲಿ ಒಂದು ಒರಟು ಕಲ್ಲಿಡಿ. ಪಿಕಳಾರ ಬಂದರೆ ಮೊದಲು ಆ ಕಲ್ಲಿನ ಮೇಲೆ ನಿಂತು ಸುತ್ತ ನೋಡುತ್ತದೆ. ಒಂದು ಗುಟುಕು ಕುಡಿಯುತ್ತದೆ. ಆಮೇಲೆ ಮೆಲ್ಲನೆ ನೀರಿಗಿಳಿದು ಎದೆ ಮುಳುಗಿಸಿ ರೆಕ್ಕೆ ಪಟಪಟ ಬಡಿಯುತ್ತದೆ, ಅರ್ಧ ನೀರು ಆಚೆ. ನೆನೆದ ಹಕ್ಕಿ ಚುರುಕಾಗಿ ಹಾರಲಾರದು. ಹಾಗಾಗಿ ಬೆಕ್ಕು ಹೊಂಚುಹಾಕುವ ಪೊದೆಯ ಪಕ್ಕದಲ್ಲೇ ತಟ್ಟೆ ಇಡಬೇಡಿ, ಏಳೆಂಟು ಅಡಿ ದೂರ ಇರಲಿ.

ಕಾಳು ಬೇಕಾದ್ದು ಕೆಲವು ಹಕ್ಕಿಗಳಿಗೆ, ನೀರು ಹೆಚ್ಚುಕಡಿಮೆ ಎಲ್ಲಕ್ಕೂ. ಮಾರ್ಚ್‌ನಿಂದ ಮೇ ತನಕ ಒಂದು ದಿನವೂ ತಪ್ಪಿಸಬೇಡಿ.

ಸೂರಕ್ಕಿಗೆ ಸಕ್ಕರೆ ನೀರು ಹಾಕುವ ಕೆಂಪು ಬಾಟಲಿ ಆನ್‌ಲೈನಿನಲ್ಲಿ ತರಿಸಿದ್ದೇನೆ. ಜೇನುತುಪ್ಪ ಬೆರೆಸಿದರೆ ಒಳ್ಳೆಯದಾ? – ದೀಪಕ್, ಮಲ್ಲೇಶ್ವರ

ಬೇಡ ದೀಪಕ್. ಆ ಬಾಟಲಿ ಅಮೆರಿಕದ ಹಮ್ಮಿಂಗ್‌ಬರ್ಡ್‌ಗಾಗಿ ಮಾಡಿದ್ದು, ಆ ಹಕ್ಕಿ ನಮ್ಮ ದೇಶದಲ್ಲೇ ಇಲ್ಲ. ಏಪ್ರಿಲ್ ಬಿಸಿಲಿಗೆ ಸಕ್ಕರೆ ನೀರು ಬೇಗ ಹುಳಿಯುತ್ತದೆ, ಒಳಗೆ ಬೂಷ್ಟು ಹಿಡಿಯುತ್ತದೆ. ಜೇನುತುಪ್ಪ ಬೆರೆಸಿದರೆ ಇನ್ನೂ ಬೇಗ. ಅದರ ಬದಲು ಮಲ್ಲೇಶ್ವರದ ಮನೆಗಳ ಹಿತ್ತಿಲಲ್ಲಿ ಮೊದಲು ಇದ್ದಂತೆ ಒಂದು ಬಾಳೆ, ಒಂದು ದಾಳಿಂಬೆ ಹಾಕಿ. ಬಾಳೆಮೂತಿ ಬಿಟ್ಟಾಗ ನೋಡಿ, ಸೂರಕ್ಕಿ ಅದಕ್ಕೆ ತಲೆಕೆಳಗಾಗಿ ಜೋತುಬಿದ್ದಿರುತ್ತದೆ.

ನಮ್ಮ ಯಜಮಾನರ ತಿಥಿ ದಿನ ಎಡೆ ಇಟ್ಟು ಕಾದರೂ ಕಾಗೆ ಬರಲಿಲ್ಲ. ಮನಸ್ಸಿಗೆ ತುಂಬಾ ಬೇಜಾರಾಯಿತು. ಬಸವನಗುಡಿಯಲ್ಲಿ ಕಾಗೆಗಳೇ ಇಲ್ಲವಾ ಈಗ? – ಸಾವಿತ್ರಮ್ಮ

ಸಾವಿತ್ರಮ್ಮನವರೇ, ಬೇಜಾರು ಮಾಡಿಕೊಳ್ಳಬೇಡಿ. ಕಾಗೆ ಬರಲಿಲ್ಲ ಅಂದರೆ ಯಜಮಾನರಿಗೆ ನಿಮ್ಮ ಮೇಲೆ ಮುನಿಸು ಅಂತ ಖಂಡಿತ ಅಂದುಕೊಳ್ಳಬೇಡಿ. ಬಸವನಗುಡಿಯಲ್ಲಿ ಕಾಗೆ ಇವೆ. ಕತ್ತು ಬೂದು ಬಣ್ಣದ ಊರು ಕಾಗೆಯೂ ಇದೆ, ಪೂರ್ತಿ ಕಪ್ಪಗಿನ ದಪ್ಪ ಕೊಕ್ಕಿನ ಕಾಡು ಕಾಗೆಯೂ ಇದೆ. ಆದರೆ ಕಾಗೆ ತುಂಬ ಜಾಣ ಹಕ್ಕಿ. ಯಾವ ಮನೆಯಲ್ಲಿ ಎಷ್ಟು ಹೊತ್ತಿಗೆ ಊಟ ಸಿಗುತ್ತದೆ ಅಂತ ಲೆಕ್ಕ ಇಟ್ಟುಕೊಂಡಿರುತ್ತದೆ, ಮನುಷ್ಯರ ಮುಖವನ್ನೂ ಗುರುತಿಡುತ್ತದೆ. ವರ್ಷಕ್ಕೊಮ್ಮೆ ಎಡೆ ಇಡುವ ಮಹಡಿ ಅದರ ಲೆಕ್ಕದಲ್ಲೇ ಇರುವುದಿಲ್ಲ. ಪಿತೃಪಕ್ಷದಲ್ಲಂತೂ ಬೀದಿ ತುಂಬ ಎಡೆ, ಅವಕ್ಕೆ ಹಸಿವೇ ಇರುವುದಿಲ್ಲ.

ದಿನಾ ಬೆಳಗ್ಗೆ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ, ಒಂದು ಹಿಡಿ ಅನ್ನ ಇಡಿ. ಉಪ್ಪು, ಮಸಾಲೆ ಇಲ್ಲದ್ದು. ಎಲೆಯ ಮೇಲಿಡಿ, ಪ್ಲಾಸ್ಟಿಕ್ ಬೇಡ. ಮಿಕ್ಸ್ಚರ್, ಚಕ್ಕುಲಿ, ಬ್ರೆಡ್ಡು, ಬಿಸ್ಕತ್ತು ಯಾವ ಹಕ್ಕಿಗೂ ಬೇಡ. ಇಟ್ಟ ಮೇಲೆ ಒಳಗೆ ಬಂದುಬಿಡಿ, ಅಲ್ಲೇ ನಿಂತು ನೋಡಬೇಡಿ. ಉಳಿದದ್ದನ್ನು ತೆಗೆದುಬಿಡಿ, ಇಲಿ ಬರುತ್ತದೆ. ಮುಂದಿನ ವರ್ಷದ ತಿಥಿಗೆ ಅವು ಕರೆಯುವ ಮೊದಲೇ ಬಂದು ಕೂತಿರುತ್ತವೆ.

ನಿಮ್ಮ ಬೀದಿಯ ಎತ್ತರದ ಮರಗಳನ್ನು ಕಾಪಾಡಿಕೊಳ್ಳಿ, ಕಾಗೆ ಗೂಡು ಕಟ್ಟುವುದು ಅವುಗಳಲ್ಲೇ. ಕಾಗೆಯ ಗೂಡಿದ್ದರೆ ತಾನೇ ಕೋಗಿಲೆಗೂ ಮೊಟ್ಟೆ ಇಡಲು ಜಾಗ.

ಅಜ್ಜಿ, ನಾನು ಆರನೇ ಕ್ಲಾಸು. ನಮ್ಮ ಸ್ಕೂಲ್ ಹತ್ತಿರ ಪುಟ್ಟ ಹಕ್ಕಿ ಕೆಳಗೆ ಬಿದ್ದಿತ್ತು. ಮನೆಗೆ ತಂದು ಹಾಲು ಕುಡಿಸಿದೆ. ಮಾರನೇ ದಿನ ಸತ್ತುಹೋಯಿತು. ನಾನು ಮುಟ್ಟಿದ್ದಕ್ಕಾ? – ಚಿನ್ಮಯಿ, ಯಲಹಂಕ

ಪುಟ್ಟಾ, ನೀನು ಮುಟ್ಟಿದ್ದಕ್ಕೆ ಅಲ್ಲ ಕಣಮ್ಮ. ಮನುಷ್ಯರು ಮುಟ್ಟಿದರೆ ತಾಯಿ ಹಕ್ಕಿ ಮರಿಯನ್ನು ಬಿಟ್ಟುಬಿಡುತ್ತೆ ಅಂತ ದೊಡ್ಡವರು ಹೇಳುತ್ತಾರಲ್ಲ, ಅದು ನಿಜವಲ್ಲ. ಬಿದ್ದ ಮರಿಗೆ ಪೆಟ್ಟಾಗಿರಬಹುದು, ಮೊದಲೇ ಸುಸ್ತಾಗಿರಬಹುದು. ನೀನು ಅದನ್ನು ಕಾಪಾಡಬೇಕು ಅಂತಲೇ ಎತ್ತಿಕೊಂಡೆ. ಮುಂದಿನ ಸಲಕ್ಕೆ ಇದನ್ನು ನೆನಪಿಟ್ಟುಕೋ.

ಮರಿಗೆ ಮೈತುಂಬ ಗರಿ ಬಂದಿದ್ದು, ಬಾಲ ಮಾತ್ರ ಮೋಟಾಗಿದ್ದು, ಕುಪ್ಪಳಿಸುತ್ತಿದ್ದರೆ ಅದು ಹಾರಲು ಕಲಿಯುತ್ತಿದೆ ಅಂತ ಅರ್ಥ. ಅಪ್ಪ, ಅಮ್ಮ ಅಲ್ಲೇ ಎಲ್ಲೋ ಕೊಂಬೆ ಮೇಲೆ ಇರುತ್ತವೆ, ನೀನು ದೂರ ಹೋದ ಮೇಲೆ ಬಂದು ತಿನ್ನಿಸುತ್ತವೆ. ನಾಯಿ, ಬೆಕ್ಕು, ಗಾಡಿ ಇದ್ದರೆ ಎತ್ತಿ ಹತ್ತಿರದ ಪೊದೆಯಲ್ಲಿ ಕೂರಿಸು, ಅಷ್ಟು ಸಾಕು. ಗರಿಯೇ ಇಲ್ಲದ ಮರಿಯಾದರೆ ಗೂಡು ಹುಡುಕಿ, ದೊಡ್ಡವರನ್ನು ಕರೆದು, ವಾಪಸ್ ಇಡಿಸು.

ಹಾಲು ಮಾತ್ರ ಕೊಡಬೇಡ. ಹಕ್ಕಿಗೆ ಹಾಲು ಜೀರ್ಣವಾಗುವುದಿಲ್ಲ. ಬಾಯಿಗೆ ನೀರು ಹಾಕುವುದೂ ಬೇಡ, ಉಸಿರಿನ ಕೊಳವೆಗೆ ಹೋಗಿಬಿಡುತ್ತದೆ. ರಕ್ತ ಬರುತ್ತಿದ್ದರೆ, ರೆಕ್ಕೆ ಜೋತುಬಿದ್ದಿದ್ದರೆ ಒಂದು ರಟ್ಟಿನ ಡಬ್ಬಕ್ಕೆ ತೂತು ಮಾಡಿ, ಬಟ್ಟೆ ಹಾಸಿ, ಮುಚ್ಚಿ, ಸದ್ದಿಲ್ಲದ ಕಡೆ ಇಡು. ಆಮೇಲೆ ಅಪ್ಪನಿಗೋ ಅಮ್ಮನಿಗೋ ಹೇಳಿ ವನ್ಯಜೀವಿ ಆಸ್ಪತ್ರೆಗೆ ಫೋನ್ ಮಾಡಿಸು. ಕೆಂಗೇರಿ ಕಡೆ ಪೀಪಲ್ ಫಾರ್ ಅನಿಮಲ್ಸ್‌ನವರ ಆಸ್ಪತ್ರೆ ಇದೆ. ಗಾಳಿಪಟದ ಮಾಂಜಾ ದಾರಕ್ಕೆ ಸಿಕ್ಕಿಕೊಂಡ ಹದ್ದುಗಳಿಗೂ ಅಂಥ ಕಡೆಯೇ ಚಿಕಿತ್ಸೆ. ನೈಲಾನ್ ಮಾಂಜಾವನ್ನು 2017ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಇಡೀ ದೇಶದಲ್ಲಿ ನಿಷೇಧಿಸಿದೆ. ಆಷಾಢದಲ್ಲಿ ಪಟ ಹಾರಿಸುವಾಗ ನೀನೂ ನಿನ್ನ ಗೆಳತಿಯರೂ ಹತ್ತಿ ದಾರವನ್ನೇ ತಗೊಳ್ಳಿ, ಆಯ್ತಾ?

ಮಹಡಿ ಮೇಲೆ ಬಟ್ಟೆ ಒಣಹಾಕಲು ಹೋದರೆ ಹದ್ದು ತಲೆ ಮೇಲೆ ಎರಗುತ್ತೆ. ಓಡಿಸುವುದು ಹೇಗೆ? – ಗೀತಾ, ಶಿವಾಜಿನಗರ

ಹತ್ತಿರದ ಮರದಲ್ಲೋ ಟವರಿನಲ್ಲೋ ಅದರ ಗೂಡಿದೆ ಗೀತಾ. ಮರಿ ಹಾರಲು ಒಂದೂವರೆ ಎರಡು ತಿಂಗಳು ಬೇಕು, ಅಲ್ಲಿಯವರೆಗೆ ಕಾವಲು. ಅಷ್ಟು ದಿನ ಮೇಲೆ ಹೋಗುವಾಗ ಕೊಡೆ ಹಿಡಿದು ಹೋಗಿ. ಕಲ್ಲು ಹೊಡೆದರೆ ನಿಮ್ಮ ಮುಖ ಗುರುತಿಟ್ಟುಕೊಂಡು ಇನ್ನೂ ಜೋರಾಗಿ ಬರಬಹುದು. ಮಹಡಿ ಮೇಲೆ ಮಾಂಸದ ಚೂರು ಎಸೆಯುವ ಅಭ್ಯಾಸ ಅಕ್ಕಪಕ್ಕದಲ್ಲಿ ಯಾರಿಗಾದರೂ ಇದ್ದರೆ ಬಿಡಿಸಿ.

ಕಾರಿನ ಕನ್ನಡಿಯನ್ನು ಒಂದು ಹಕ್ಕಿ ದಿನಾ ಕುಕ್ಕುತ್ತದೆ. ಹುಚ್ಚು ಹಿಡಿದಿದೆಯಾ? – ಪ್ರಕಾಶ್, ಜೆ.ಪಿ. ನಗರ

ಇಲ್ಲ ಪ್ರಕಾಶ್. ಗೂಡು ಕಟ್ಟುವ ಕಾಲದಲ್ಲಿ ಕನ್ನಡಿಯಲ್ಲಿ ಕಾಣುವ ತನ್ನ ಬಿಂಬವನ್ನೇ ಅದು ಎದುರಾಳಿ ಅಂದುಕೊಳ್ಳುತ್ತದೆ. ಕಾರು ನಿಲ್ಲಿಸಿದಾಗ ಎರಡೂ ಕನ್ನಡಿಗೆ ಹಳೇ ಕಾಲುಚೀಲ ಹಾಕಿಬಿಡಿ. ಕಿಟಕಿಯಾದರೆ ಹೊರಗಡೆಯಿಂದ ಪೇಪರ್ ಅಂಟಿಸಿ. ಒಳಗಿನ ಪರದೆ ಎಳೆದರೆ ಬಿಂಬ ಹೋಗುವುದಿಲ್ಲ.

ಪಂಜರದಲ್ಲಿ ಗಿಳಿ ಸಾಕಿದ್ದೇವೆ, ಏನು ತಿನ್ನಿಸಿದರೆ ಮಾತು ಕಲಿಯುತ್ತದೆ? – ಹೆಸರು ಬೇಡ, ಹೆಬ್ಬಾಳ

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಪ್ರಕಾರ ನಮ್ಮ ಕಾಡಿನ ಗಿಳಿಯನ್ನು ಹಿಡಿಯುವುದು, ಮಾರುವುದು, ಸಾಕುವುದು ಅಪರಾಧ. ಆದರೆ ಪಂಜರದ ಬಾಗಿಲು ತೆಗೆದು ಹಾಗೇ ಹಾರಿಬಿಡಬೇಡಿ. ಹಾರಿ ಅಭ್ಯಾಸ ಇಲ್ಲದ ಗಿಳಿ ಅವತ್ತೇ ಕಾಗೆಯ ಬಾಯಿಗೆ ಬೀಳುತ್ತದೆ. ಅರಣ್ಯ ಇಲಾಖೆಗೋ ವನ್ಯಜೀವಿ ಆಸ್ಪತ್ರೆಗೋ ಒಪ್ಪಿಸಿ. ಗಿಳಿ ನೋಡುವ ಆಸೆ ಇದ್ದರೆ ಒಂದು ಸೀಬೆ ಗಿಡ ಹಾಕಿ, ಹಣ್ಣಿನ ಆಸೆ ಸ್ವಲ್ಪ ಬಿಡಿ.

ಹಕ್ಕಿಗಳ ಹೆಸರು ಕಲಿಯುವುದು ಎಲ್ಲಿಂದ ಶುರು ಮಾಡಲಿ? ನಿವೃತ್ತನಾಗಿದ್ದೇನೆ, ಸಮಯ ಇದೆ. – ಕೃಷ್ಣಮೂರ್ತಿ, ಕೋರಮಂಗಲ

ಸಮಯ ಇದೆ ಅಂದಿರಲ್ಲ, ಅದೇ ದೊಡ್ಡದು. ಲಾಲ್‌ಬಾಗ್‌ನಲ್ಲಿ ತಿಂಗಳ ಎರಡನೇ ಭಾನುವಾರ ಬೆಳಗ್ಗೆ ಹಕ್ಕಿ ನೋಡುವವರು ಸೇರುವ ರೂಢಿ ದಶಕಗಳಿಂದ ಇದೆ. ಸುಮ್ನೆ ಹೋಗಿ ಸೇರಿಕೊಳ್ಳಿ, ತಿಳಿದವರು ತೋರಿಸುತ್ತಾರೆ. ಮೊಬೈಲಿಗೆ ಮರ್ಲಿನ್ ಅನ್ನುವ ಆ್ಯಪ್ ಹಾಕಿಸಿಕೊಳ್ಳಿ, ದುಡ್ಡು ಕೊಡಬೇಕಿಲ್ಲ. ಕೂಗು ಕೇಳಿಸಿಕೊಂಡು ಯಾವ ಹಕ್ಕಿ ಅಂತ ಹೇಳುತ್ತದೆ. ಅದು ಹೇಳಿದ್ದನ್ನು ಕಣ್ಣಲ್ಲಿ ನೋಡಿದ ಮೇಲೆ ಮಾತ್ರ ನಂಬಿ. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ಹಿತ್ತಿಲ ಹಕ್ಕಿ ಎಣಿಕೆ ನಡೆಯುತ್ತದೆ. 2013ರಿಂದ ಭಾರತದವರೂ ಸೇರಿದ್ದಾರೆ. ಮನೆ ಮುಂದೆ ಹದಿನೈದು ನಿಮಿಷ ಕೂತು ಕಂಡದ್ದನ್ನು ಬರೆದುಕೊಟ್ಟರೂ ಲೆಕ್ಕಕ್ಕೆ ಸೇರುತ್ತದೆ. ಬೈನಾಕ್ಯುಲರ್ ಕೊಳ್ಳುವುದಾದರೆ ಎಂಟು ಪಟ್ಟು ದೊಡ್ಡದು ಮಾಡಿ ತೋರಿಸುವುದು ಸಾಕು. ಅದಕ್ಕಿಂತ ಜಾಸ್ತಿ ಶಕ್ತಿಯದ್ದು ಕೈಯಲ್ಲಿ ನಡುಗುತ್ತದೆ. ಕೊಳ್ಳುವ ಮೊದಲು ಲಾಲ್‌ಬಾಗ್‌ನಲ್ಲಿ ಯಾರದ್ದಾದರೂ ಕೇಳಿ ಒಮ್ಮೆ ಕಣ್ಣಿಗಿಟ್ಟು ನೋಡಿ. ಕೇಳಿದರೆ ಖುಷಿಯಿಂದ ಕೊಡುತ್ತಾರೆ.